ಒಂದೂಕಾಲು ಗ್ರಾಂ

ಆಫೀಸಿನಲ್ಲಿ ನನ್ನ ಮೇಲಿನವರಾಗಿದ್ದ ಅವರ ಜೊತೆ ರಸ್ತೆ ದಾಟುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಚಳ್ಳಕೆರೆ ಮಾರ್ಕೆಟ್ ಯಾರ್ಡಿನ ಗೇಟಿನಿಂದ ಎದುರಿನ ಟೀ ಅಂಗಡಿಗೆ ಹೋಗಬೇಕು, ಅಷ್ಟೇ. ಎಡಕ್ಕೆ ನೋಡುವರು, ಬಲಕ್ಕೆ ನೋಡುವರು, ಮತ್ತೆ ಎಡಕ್ಕೆ ನೋಡುವಷ್ಟರಲ್ಲಿ ಬಲಗಡೆ ದೂರದಲ್ಲಿ ಎಣ್ಣೆ ಟ್ಯಾಂಕರೊಂದು ಕಾಣಿಸುವುದು. "ಅದು ಹೋಗ್ಲಿ ತಾಯಿ, ಅದೊಂದು ಹೋಗ್ಲಿ" ಎನ್ನುವರು. ನಾನು ಆಗಲೇ ನಡುರಸ್ತೆಗೆ ಬಂದಿದ್ದರೆ ಬ್ಯಾಗಿನ ಪಟ್ಟಿ ಹಿಡಿದು ಹಿಂದಕ್ಕೆ ಎಳೆಯುವರು. ಒಮ್ಮೆ ಹಾಗೆ ಎಳೆದ ರಭಸಕ್ಕೆ ನಾನು ಆಟೋ ಚಕ್ರಕ್ಕೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಹೆದರುಪುಕ್ಕಲರ ಜೊತೆ ಇರುವುದು ಹುಂಬರ ಜೊತೆ ಇರುವುದಕ್ಕಿಂತ ಅಪಾಯ ಎಂದು ನನಗೆ ಅನಿಸಿದ್ದು ಆಗ.

ಅವರು ತೀರಿಕೊಂಡು ತಿಂಗಳಾಯಿತು. ಮಣ್ಣಿಗೆ ಹೋಗಿದ್ದಾಗ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು, "ದೇವರಂಥ ಮನುಷ್ಯ, ಆದ್ರೆ ಬಾಳ ಅಂಜುಬುರುಕ ನೋಡ್ರಿ" ಎಂದರು. ಸುತ್ತ ಇದ್ದವರು ಹೌದೌದು ಎಂದು ತಲೆಯಾಡಿಸಿದರು. ಆ ಹಿರಿಯರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ಅಂಜಿಕೊಂಡೇ ಒಬ್ಬ ಮನುಷ್ಯ ಎಷ್ಟು ದೂರ ಹೋಗಬಲ್ಲ ಎನ್ನುವುದನ್ನು ನಾನು ಒಂದು ಮಧ್ಯಾಹ್ನ ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳದೆ ಇರಲಾಗದು.

ಮಾರ್ಕೆಟ್‌ನಲ್ಲಿ ಅವರು ತೂಕದ ಮೇಲ್ವಿಚಾರಕರು. ನಾನು ಅದೇ ವಿಭಾಗದಲ್ಲಿ ಗುಮಾಸ್ತೆಯಾಗಿ ಸೇರಿದೆ. ಶೇಂಗಾ ಸೀಸನ್ನಿನಲ್ಲಿ ಯಾರ್ಡು ಎಂದರೆ ಧೂಳು, ಚೀಲ, ಕೂಗಾಟ. ಅದರ ನಡುವೆ ಅವರು ಬೆಳಿಗ್ಗೆ ಬಂದವರೇ ಚಪ್ಪಲಿ ಬಿಟ್ಟು ತಕ್ಕಡಿಯ ಮೇಲೆ ತಾವೇ ಹತ್ತಿ ನಿಲ್ಲುವರು. ನಿನ್ನೆಯ ತೂಕವೇ ಬಂದರೆ ತಕ್ಕಡಿ ಸರಿ ಇದೆ ಎಂದು ಲೆಕ್ಕ. ಹಬ್ಬದ ಮರುದಿನ ಮಾತ್ರ ಫಜೀತಿ. ಹೆಚ್ಚಿಗೆ ಬಂದ ತೂಕ ತಕ್ಕಡಿಯದೋ ಹೋಳಿಗೆಯದೋ ತಿಳಿಯದೆ ಕಂಗಾಲಾಗಿ ನಿಲ್ಲುವರು. ಹಮಾಲರು ಚೀಲ ಹೊತ್ತುಕೊಂಡೇ, "ಸಾಮಿ, ಇಳೀರಿ, ಬೆನ್ನು ಮುರೀತೈತೆ" ಎಂದು ಕೂಗುವರು. ಇವರು ಇಳಿಯುತ್ತಿರಲಿಲ್ಲ. "ತಪ್ಪು ತೂಕ ಹೋದ್ರೆ ಯಾರ ಹೊಟ್ಟೆ ಮ್ಯಾಲೆ ಬೀಳ್ತೈತೋ" ಎನ್ನುವರು. ಆ ಹೆದರಿಕೆಗೆ ರೈತರು ಕೈ ಮುಗಿಯುತ್ತಿದ್ದರು, ವ್ಯಾಪಾರಿಗಳು ಹಲ್ಲು ಕಡಿಯುತ್ತಿದ್ದರು.

ಅವರು ಹೆದರದ ವಸ್ತುವೇ ಇರಲಿಲ್ಲ. ಬಸ್ಸಿನ ಹಣೆಯ ಮೇಲೆ ಮೊಳಕಾಲ್ಮೂರು ಎಂದು ಬೋರ್ಡಿದ್ದರೂ ಡ್ರೈವರನ್ನು ಕೇಳುವರು, ಕಂಡಕ್ಟರನ್ನು ಕೇಳುವರು, ಕೂತ ಮೇಲೆ ಪಕ್ಕದವರನ್ನೂ ಕೇಳುವರು. ಸರ್ಕಾರದ ವಿಜ್ಞಾನ ಕೇಂದ್ರಗಳಿರುವ ಉಳ್ಳಾರ್ತಿ ಕಾವಲಿನ ಕಡೆ ಆಕಾಶದಲ್ಲಿ ಏನಾದರೂ ಗುಂಯ್‌ಗುಟ್ಟಿದರೆ ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯನ್ನು ಒಳಗೆ ತರುವರು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗುವರು. ನಾನು ಮೊದಮೊದಲು ನಗುತ್ತಿದ್ದೆ. ಆಮೇಲೆ ನನಗೂ ಅದು ಅಂಟಿತು. ಈಗಲೂ ಮನೆಗೆ ಬೀಗ ಹಾಕಿ ಎರಡು ಸಲ ಜಗ್ಗದೆ ಹೊರಡಲಾರೆ.

ಇಂಥವರು ಬದುಕಿದ್ದು ಹೇಗೆ ಎಂದರೆ, ಹೆಂಡತಿಯ ಎರಡು ಮಾತಿನ ಮೇಲೆ. ಆಕೆ ಮೊಳಕಾಲ್ಮೂರಿನ ನೇಕಾರರ ಮನೆಯವರು. ನಾನು ಅಕ್ಕ ಎನ್ನುತ್ತಿದ್ದೆ. ಮನೆಯಲ್ಲಿ ಕನ್ನಡವೇ ಆಡಿದರೂ ಸಲಿಗೆ, ಸಿಟ್ಟು, ಸಮಾಧಾನಕ್ಕೆಲ್ಲ ತೆಲುಗು ಬರುತ್ತಿತ್ತು. ಗಂಡ ಏನಕ್ಕಾದರೂ ಬೆಚ್ಚಿದರೆ ಕೆಲಸ ಬಿಡದೆ, ತಲೆ ಎತ್ತದೆ, "ಏಮೀ ಕಾದು" ಎನ್ನುವರು. ಏನೂ ಆಗಲ್ಲ ಎಂದು. ಅಷ್ಟಕ್ಕೇ ಅವರ ಭುಜ ಇಳಿಯುವುದು. ಆಫೀಸಿನಲ್ಲಿ ಗಾಬರಿಯಾದಾಗಲೂ ಮನೆಗೆ ಫೋನು ಮಾಡಿ ಆ ಎರಡು ಮಾತು ಕೇಳಿಸಿಕೊಂಡು ಇಡುತ್ತಿದ್ದುದನ್ನು ನಾನು ನೋಡಿದ್ದೇನೆ.

ಅಕ್ಕನ ತಮ್ಮ ಮಸ್ಕತ್‌ನಲ್ಲಿದ್ದ. ಮದುವೆಯಾದ ಹೊಸದರಲ್ಲಿ ಅವನು ಭಾವನಿಗೆಂದು ಒಂದು ರೆಕಾರ್ಡ್ ಪ್ಲೇಯರ್ ತಂದುಕೊಟ್ಟಿದ್ದ. ಭಾವನ ಸ್ವಭಾವ ಗೊತ್ತಿದ್ದೇ ಆರಿಸಿದ್ದನಂತೆ. ಬೇರೆ ಪ್ಲೇಯರುಗಳಲ್ಲಿ ಮುಳ್ಳನ್ನು ಹಿಡಿದಿರುವ ಪುಟ್ಟ ಡಬ್ಬಿಯನ್ನು, ಅಂದರೆ ಕಾರ್ಟ್ರಿಜ್ಜನ್ನು, ಎರಡು ಸ್ಕ್ರೂನಿಂದ ಕೂರಿಸಿ, ಕೂದಲಿನಷ್ಟು ಅತ್ತ ಇತ್ತ ಸರಿಸಿ, ತೋಳಿನ ಹಿಂದಿರುವ ಗುಂಡು ತಿರುಗಿಸಿ ಭಾರ ಹೊಂದಿಸಬೇಕು. ಇದರಲ್ಲಿ ಆ ರಗಳೆ ಇಲ್ಲ. ತೋಳಿನ ತುದಿಗೆ ಕಾರ್ಟ್ರಿಜ್ಜನ್ನು ಪ್ಲಗ್ಗಿನಂತೆ ಸಿಕ್ಕಿಸುವುದು, ಪಕ್ಕದಲ್ಲಿ ಒಂದೇ ಸ್ಕ್ರೂ ಬಿಗಿಯುವುದು, ಮುಗಿಯಿತು. ಯಾವ ಕಂಪನಿಯದಾದರೂ ಅದೇ ಅಳತೆ, ಅದೇ ತೂಕ. ಮುಳ್ಳು ಪ್ಲೇಟಿನ ಮೇಲೆ ಊರುವ ಭಾರವೂ ಎಲ್ಲ ಕಡೆ ಒಂದೇ, ಒಂದೂಕಾಲು ಗ್ರಾಂ. "ಕೈ ಹಚ್ಚೋಂಗೇ ಇಲ್ಲ ಭಾವ" ಎಂದಿದ್ದನಂತೆ ತಮ್ಮ.

ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. "ನಮ್ ಯಾರ್ಡಿನಾಗೆ ಒಂದ್ ಅಂಗಡಿ ಕಲ್ಲು ಇನ್ನೊಂದ್ ಅಂಗಡಿ ಕಲ್ಲಿಗೆ ಹೊಂದಲ್ಲ. ಅಲ್ಲಿ ನೋಡು ತಾಯಿ, ಇಡೀ ಲೋಕದ ಕಂಪನಿಗಳು ಕೂತು ಒಂದು ತೂಕಕ್ಕೆ ಒಪ್ಪ್ಯಾವೆ" ಎನ್ನುವರು. ಮನುಷ್ಯರ ಕೈ ತಾಗದ ಜಾಗ ಜಗತ್ತಿನಲ್ಲಿ ಒಂದಾದರೂ ಇದೆ ಎಂಬುದು ಅವರಿಗೆ ದೊಡ್ಡ ನೆಮ್ಮದಿಯಾಗಿತ್ತು.

ಕೈ ತಾಗುತ್ತಿದ್ದುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಅಕ್ಕ ಮಿಕ್ಸಿ, ಸೈಕಲ್ಲು, ಹೊಲಿಗೆ ಯಂತ್ರ ಎಲ್ಲಕ್ಕೂ ವಿಭೂತಿ ಎಳೆದು, ಕೊನೆಗೆ ಪ್ಲೇಯರಿನ ಹತ್ತಿರ ಬರುವರು. ಇವರು ಅಡ್ಡ ನಿಲ್ಲುವರು. "ಮುಚ್ಚಳಕ್ಕೆ ಹಚ್ಚೇ, ಮುಳ್ಳಿಗೆ ಬ್ಯಾಡ!" "ಕೆಲಸ ಮಾಡೋದು ಮುಳ್ಳು, ಪೂಜೆ ಮುಚ್ಚಳಕ್ಕಾ?" ಒಂದು ವರ್ಷ ಇವರು ಸ್ನಾನಕ್ಕೆ ಹೋಗಿದ್ದಾಗ ಅಕ್ಕ ಸ್ಕ್ರೂ ಸಡಿಲಿಸಿ ಕಾರ್ಟ್ರಿಜ್ಜನ್ನು ಎಳೆದುಕೊಂಡು, ದೇವರ ಮುಂದೆ ತಟ್ಟೆಯಲ್ಲಿಟ್ಟು ಮೂರು ಬೆರಳಿನ ವಿಭೂತಿ ಎಳೆದುಬಿಟ್ಟರು. ಅಷ್ಟು ಸಲೀಸಾಗಿ ಕೈಗೆ ಬರುವ ವಸ್ತುವಿಗೆ ಮಂಗಳಾರತಿ ತಪ್ಪೀತೇ! ಸಣ್ಣ ಸೂಜಿಯಂಥ ಕಡ್ಡಿಗಳ ಸಂದಿಯಲ್ಲೆಲ್ಲ ಬೂದಿ. ಇವರು ಒದ್ದೆ ಟವೆಲಿನಲ್ಲೇ ಕೂತು ಹೊಸ ಬ್ರಷ್ಷಿನಿಂದ ತಿಕ್ಕಿದರಂತೆ. ಆಮೇಲೆ ಪ್ರತಿ ಹಬ್ಬಕ್ಕೂ ತಾವೇ ಬಿಚ್ಚಿ ಅಡಗಿಸಿಡತೊಡಗಿದರು. ಬಿಚ್ಚಿ ಸಿಕ್ಕಿಸಿ, ಬಿಚ್ಚಿ ಸಿಕ್ಕಿಸಿ ಆ ಪ್ಲಗ್ಗು ಸಡಿಲವಾಗಿ ಒಂದು ಸ್ಪೀಕರಿನ ಸದ್ದು ಬಂದು ಬಂದು ಹೋಗುತ್ತಿತ್ತು.

ಅವರ ಬಳಿ ಇದ್ದ ಪ್ಲೇಟುಗಳಲ್ಲಿ ಒಂದು ಮಾತ್ರ ಎಲ್ಲಿಯೂ ಸಿಗದಂಥದು. ಬೆಂಗಳೂರಿನಿಂದ ಯಾರೋ ಮೊಳಕಾಲ್ಮೂರಿಗೆ ಬಂದು, ಹೆಂಗಸರನ್ನು ಕೂರಿಸಿ ಸೋಬಾನೆ ಪದ ಹಾಡಿಸಿ ಮಾಡಿದ ಪ್ಲೇಟು. ಎತ್ತಿ ಹಾಡುವ ದನಿ ಅಕ್ಕನದು, ಮದುವೆಗೂ ಮುಂಚಿನದು. ಮಾಡಿಸಿದವರು ಈಗಿಲ್ಲ, ಜೊತೆಗೆ ಹಾಡಿದವರಲ್ಲೂ ಬಹಳ ಮಂದಿ ಹೋದರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಭಾನುವಾರ ಅವರ ಮನೆಯಲ್ಲಿ ಅದನ್ನು ಕೇಳಿದ್ದೆ. ಹಾಡು ಶುರುವಾದ ಕೂಡಲೇ ಅಕ್ಕ ನಾಚಿಕೊಂಡು ಅಡುಗೆಮನೆಗೆ ಹೋದರು. ಇವರು ಪ್ಲೇಯರಿನ ಮುಂದೆ ಕೈ ಕಟ್ಟಿಕೊಂಡು, ಸ್ಕೂಲು ಹುಡುಗನಂತೆ ನೆಟ್ಟಗೆ ಕೂತಿದ್ದರು. ಅಷ್ಟು ಹೊತ್ತು ಅವರು ಯಾವುದಕ್ಕೂ ಬೆಚ್ಚಲಿಲ್ಲ.

ಆಮೇಲೆ ಮೊಬೈಲು ಬಂತು, ಪ್ಲೇಯರಿನ ಬೆಲ್ಟು ಹೋಯಿತು. ಪ್ಲೇಟನ್ನು ಇಲಿ ಕಡಿದೀತೆಂದು ಹೆದರಿ, ಅಕ್ಕನ ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಏರಿಸಿದರು. ಅಟ್ಟದ ಮೇಲೆ ಸಿಮೆಂಟ್ ಶೀಟು, ಅದರ ಮೇಲೆ ಚಳ್ಳಕೆರೆಯ ಬಿಸಿಲು. ಇಲಿಗೆ ಹೆದರಿದವರಿಗೆ ಬಿಸಿಲು ನೆನಪಾಗಲಿಲ್ಲ.

ಅವರು ರಿಟೈರಾಗಿ ಕೆಲವು ವರ್ಷಗಳಾದ ಮೇಲೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನೋಡಲು ಹೋದೆ. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ನನ್ನನ್ನು ಕಂಡು ಬಾಯಿ ತೆರೆದರು. ಏನೋ ಹೊರಡಬೇಕು, ಹೊರಡುತ್ತಿಲ್ಲ. ಕಣ್ಣಲ್ಲಿ ಮಾತ್ರ ಎಲ್ಲ ಇತ್ತು. ಕೂಗಿದರೂ ಯಾರಿಗೂ ಕೇಳದ ಕಡೆ ಸಿಕ್ಕಿಬಿದ್ದವರ ಕಣ್ಣು ಅದು. ನನಗೆ ಹೆದರಿಕೆಯಾಗಿ ನೀರು ಕುಡಿಯುವ ನೆಪದಲ್ಲಿ ಒಳಗೆ ಎದ್ದು ಹೋದೆ.

ಅಡುಗೆಮನೆಯಲ್ಲಿ ಅವರು ಗಂಜಿ ಕಾಯಿಸುತ್ತಿದ್ದರು. ಒಲೆ ಆರಿಸಿ, ಆರಿದೆಯೇ ಎಂದು ಬಗ್ಗಿ ನೋಡಿ, ಮತ್ತೆ ನೋಡಿ, ನನ್ನ ಕಡೆ ತಿರುಗಿದರು. "ಡಾಕ್ಟ್ರು ಹೇಳ್ಯಾರೆ ತಾಯಿ, ಮಾತು ಹೋದೋರಿಗೂ ಒಮ್ಮೊಮ್ಮೆ ಹಾಡು ಉಳಿದಿರ್ತೈತಂತೆ. ಹಳೇ ಹಾಡು ಕೇಳಿಸ್ರಿ, ಅದರ ಎಳೆ ಹಿಡ್ಕಂಡು ಮಾತು ಬಂದ್ರೂ ಬರಬೌದು, ತಡ ಮಾಡಬ್ಯಾಡ್ರಿ ಅಂದ್ರು. ಮೊಬೈಲ್‌ನಾಗೆ ಯಾವ್ಯಾವುದೋ ಹಾಕಿದೆ. ಮುಖ ತಿರುಗಿಸ್ಕಂತಾಳೆ." ಗಂಜಿಯ ಪಾತ್ರೆ ಕೆಳಗಿಳಿಸಿದರು. "ಅವಳು ಏಮೀ ಕಾದು ಅಂದು ಎಷ್ಟು ದಿನ ಆತು. ನಂಗೆ ಈ ಮನೆಯಾಗೆ ನಿಂತ್ಕಳಾಕೆ ಆಗ್ತಿಲ್ಲ" ಎಂದರು. ಆ ಮನುಷ್ಯ ಹೆದರಿದ್ದನ್ನು ವರ್ಷಗಟ್ಟಲೆ ನೋಡಿದ್ದೇನೆ. ಹೆದರಿಕೆಯನ್ನು ಬಾಯಿಬಿಟ್ಟು ಹೇಳಿಕೊಂಡಿದ್ದು ಅದೇ ಮೊದಲು.

ಮೈಕ್‌ಸೆಟ್ ಅಂಗಡಿಯ ಬಾಷಾ ಬಂದು ಪ್ಲೇಯರಿಗೆ ಬೆಲ್ಟು ಹಾಕಿಕೊಟ್ಟ. ಅಟ್ಟದಿಂದ ಪ್ಲೇಟು ಇಳಿಯಿತು. ಸೀರೆ ಬಿಚ್ಚಿ ನೋಡಿದೆವು. ಪ್ಲೇಟು ಒಂದು ಕಡೆ ಹಪ್ಪಳದ ಹಾಗೆ ಎದ್ದಿತ್ತು. ಆದರೂ ಹಾಕಿದೆವು. ತಿರುಗುತ್ತಾ ಉಬ್ಬು ಬಂದ ಕಡೆ ತೋಳು ಚಿಮ್ಮಿತು, ಮುಳ್ಳು ಗರ್ರೆಂದು ಜಾರಿ ಪ್ಲೇಟಿನ ನಡುವಿಗೆ ಹೋಗಿ ಬಿತ್ತು. ಮಂಚದ ಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡು ಎಡಗೈಯನ್ನು ಕಿವಿಗೆ ಒತ್ತಿಕೊಂಡರು. ಪ್ಲೇಟಿನ ಮೇಲೆ ಹೊಸದೊಂದು ಗೀರು ಬೆಳ್ಳಗೆ ಕಾಣುತ್ತಿತ್ತು.

"ಭಾರ ಸಾಲ್ತಾ ಇಲ್ಲ ಸಾಬ್" ಎಂದ ಬಾಷಾ. "ಸ್ವಲ್ಪ ಒತ್ತಿ ಹಿಡಿದ್ರೆ ಉಬ್ಬು ದಾಟುತ್ತೆ. ಬೇರೆ ಪ್ಲೇಯರ್ ಆಗಿದ್ರೆ ಹಿಂದಿನ ಗುಂಡು ತಿರುಗಿಸ್ತಿದ್ದೆ. ಇದಕ್ಕೆ ಗುಂಡೂ ಇಲ್ಲ, ಏನೂ ಇಲ್ಲ."

"ಬೇರೆ ಕಾರ್ಟ್ರಿಜ್ ಹಾಕಿದ್ರೆ?"

"ಸಿಕ್ಕಿಸೋ ಜಾತಿದೇ ಆಗ್ಬೇಕು. ಎರಡು ಸ್ಕ್ರೂದು ಇದಕ್ಕೆ ಕೂರಲ್ಲ. ಈ ಜಾತಿದು ಈಗ ಸಿಗೋದು ಕಷ್ಟ, ಸಿಕ್ಕಿದ್ರೂ ಎಲ್ಲಾ ಅದೇ ಒಂದೂಕಾಲು ಗ್ರಾಂ. ಬದಲಾಯಿಸೋಕೆ ಬರಲ್ಲ ಅನ್ನೋದೇ ಇದರ ಖೂಬಿ ಅಲ್ವಾ ಸಾಬ್?"

ಅವರು ಗೋಡೆಗೆ ಒರಗಿ ನಿಂತರು. ಇಡೀ ಲೋಕ ಒಪ್ಪಿದ ತೂಕ ಅವರ ಮನೆಯ ಒಂದು ಉಬ್ಬನ್ನು ದಾಟಿಸಲಾರದೆ ಹೋಗಿತ್ತು. ಬಾಷಾನ ಅಂಗಡಿಯ ಹಳೇ ಪ್ಲೇಯರಿನಲ್ಲಿ ಹಾಕಬಹುದಿತ್ತು. ಅದರ ಮುಳ್ಳು ನೇಗಿಲಿನ ಹಾಗೆ ಉಳುತ್ತದೆ ಎಂದು ಅವನೇ ಹೇಳಿದ. ಬೆಂಗಳೂರಿಗೆ ಒಯ್ದರೆ ಪೆನ್‌ಡ್ರೈವಿಗೆ ಹಾಕಿಕೊಡುವವರಿದ್ದಾರೆ ಎಂದೆ. ಅಕ್ಕನನ್ನು ಬಿಟ್ಟು ಅವರು ಹೋಗಲಾರರು, ಪ್ಲೇಟನ್ನು ಬೇರೆಯವರ ಕೈಗೆ ಕೊಟ್ಟು ಬಸ್ಸು ಹತ್ತಿಸಲಾರರು. ಬಿಸಿಲಲ್ಲಿ ಗಾಜಿನಡಿ ಇಟ್ಟರೆ ನೆಟ್ಟಗಾಗುತ್ತದೆ ಎಂದರು ಯಾರೋ. ಬಿಸಿಲು ಕೆಡಿಸಿದ್ದನ್ನು ಮತ್ತೆ ಬಿಸಿಲಿಗೇ ಕೊಡುವುದೇ ಎಂದು ಅದಕ್ಕೂ ಒಪ್ಪಲಿಲ್ಲ.

ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. "ಅಕ್ಕಸಾಲಿ ಅಂಗಡಿ ಹತ್ರ ಬರ್ತೀಯಾ ತಾಯಿ?" ಹೋದೆ. ಚಿನ್ನ ತೂಗುವ ಗಾಜಿನ ಪೆಟ್ಟಿಗೆಯ ತಕ್ಕಡಿಯ ಮುಂದೆ ಕೂತಿದ್ದರು. ಮುಂದೆ ಬಟ್ಟೆಯ ಮೇಲೆ ಒಂದು ಹಿಡಿ ಗುಲಗಂಜಿ. ಹಿಂದೆ ಚಿನ್ನಕ್ಕೆ ಅದೇ ತೂಕದ ಕಲ್ಲು. ಒಂದೊಂದು ಗ್ರಾಮಿನ ಎಂಟನೇ ಒಂದು ಪಾಲಿನ ಆಸುಪಾಸು. ಎರಡನ್ನು ತೋಳಿನ ತುದಿಗೆ ಅಂಟಿಸಿದರೆ ಕಾಲು ಗ್ರಾಂ ಭಾರ ಕೂಡುತ್ತದೆ, ಅದಕ್ಕಿಂತ ಹೆಚ್ಚಾದರೆ ಮುಳ್ಳಿನ ಕಡ್ಡಿ ಕುಸಿಯುತ್ತದೆ ಎಂದು ಬಾಷಾನನ್ನು ಕೇಳಿಕೊಂಡು ಬಂದಿದ್ದರು. ಗುಲಗಂಜಿಯನ್ನು ಒಂದೊಂದಾಗಿ ತೂಗುತ್ತಾ, ಇದು ಹೆಚ್ಚು, ಇದು ಕಮ್ಮಿ ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಅಕ್ಕಸಾಲಿ ಬೇಸತ್ತು, "ಬಂಗಾರಕ್ಕೂ ನಾನು ಇಷ್ಟು ನೋಡಲ್ಲ ಸಾಮಿ" ಎಂದ. ತೂಕಕ್ಕೆ ಕೈ ಹಚ್ಚಬಾರದೆಂದು ಜೀವಮಾನವೆಲ್ಲ ಕಾದ ಮನುಷ್ಯ, ತೂಕಕ್ಕೆ ಕೈ ಹಚ್ಚಲು ಹೊರಟಿದ್ದರು.

ಮನೆಗೆ ಬಂದಾಗ ಮಧ್ಯಾಹ್ನ. ಫ್ಯಾನು ಹಾಕಿದರೆ ಗಾಳಿಗೆ ತೋಳು ಅಲುಗೀತೆಂದು ಅದನ್ನೂ ಆರಿಸಿದರು. "ನನ್ನ ಕೈ ನಿಲ್ಲಲ್ಲ ತಾಯಿ, ನೀನೇ ಅಂಟಿಸು" ಎಂದು ಜೇನುಮೇಣದ ಚೂರು ಕೊಟ್ಟರು. ನನ್ನ ಕೈ ಮಾತ್ರ ನಿಲ್ಲುತ್ತಿತ್ತೇ? ಇನ್ನೊಂದು ಸಲ ಜಾರಿದರೆ ಆ ದನಿ ಇನ್ನೆಲ್ಲೂ ಇಲ್ಲ. ಅಕ್ಕ ಇನ್ನೊಮ್ಮೆ ಕಿವಿ ಮುಚ್ಚಿಕೊಂಡರೆ ಆಮೇಲೆ ಯಾವ ಹಾಡಿಗೂ ಕಿವಿ ಕೊಡದೆ ಹೋದರೆ? ಉಸಿರು ಬಿಗಿಹಿಡಿದು, ಮೇಣ ಮೆತ್ತಿ, ಕೆಂಪಗಿನ ಆ ಎರಡು ಕಾಳುಗಳನ್ನು ಕೂರಿಸಿದೆ. ಮುಳ್ಳು ಇಳಿಸಿದೆ. ಅವರು ಪ್ಲೇಯರಿಗೆ ಬೆನ್ನು ಮಾಡಿ ಹೊಸ್ತಿಲ ಹತ್ತಿರ ನಿಂತುಬಿಟ್ಟರು.

ಉಬ್ಬು ಬಂತು. ತೋಳು ಏರಿತು, ಇಳಿಯಿತು. ಜಾರಲಿಲ್ಲ. ಮತ್ತೆ ಬಂತು, ಮತ್ತೆ ದಾಟಿತು. ಒಂದೇ ಸ್ಪೀಕರಿನಿಂದ, ತುಸು ಅಲುಗಾಡುತ್ತಾ, ಹದಿಹರೆಯದ ಹೆಣ್ಣಿನ ದನಿಯೊಂದು ಹೊರಟಿತು. ಮದುಮಗಳನ್ನು ಹಸೆಗೆ ಕರೆಯುವ ಪದ. ಅಕ್ಕ ಕಣ್ಣು ತೆರೆದರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ಎಡಗಡೆ ತುಟಿ ಅಲುಗಿತು. ಹಾಡಿನ ಅಡಿಯಿಂದ ಇನ್ನೊಂದು ಸದ್ದು ಬರುತ್ತಿದೆಯೇ, ನನ್ನ ಭ್ರಮೆಯೇ ಎಂದು ತಿಳಿಯಲಿಲ್ಲ.

"ದಾಟ್ತಾ ಐತಾ?" ಎಂದು ಅವರು ತಿರುಗಿ ನೋಡಿದರು. ಆ ಸೆಕೆಗೆ ಮೇಣ ಮೆತ್ತಗಾಗಿ ಒಂದು ಗುಲಗಂಜಿ ವಾಲಿಕೊಂಡಿತ್ತು. ನಾನು ನೋಡಿರಲಿಲ್ಲ. ಅವರು ಅಯ್ಯೋ ಎಂದು ಒಂದೇ ನೆಗೆತಕ್ಕೆ ಬಂದು ತೋಳು ಎತ್ತಿ ಹಿಡಿದರು. ಪ್ಲೇಟು ಸದ್ದಿಲ್ಲದೆ ತಿರುಗಿತು. ಹಾಡು ನಿಲ್ಲಲಿಲ್ಲ.

ಮಂಚದಿಂದ ಬರುತ್ತಿತ್ತು. ಒಡೆದ ದನಿ, ಅರ್ಧ ತೊದಲು, ಆದರೆ ಮಾತುಗಳು ಗುರುತು ಹತ್ತುತ್ತಿದ್ದವು. ಅಕ್ಕ ಆ ಸೊಲ್ಲನ್ನು ಕೊನೆಯವರೆಗೂ ಹಾಡಿದರು, ನಿಲ್ಲಿಸಿದರು.

ಸೋಬಾನೆಯಲ್ಲಿ ಒಬ್ಬಾಕೆ ಸೊಲ್ಲು ಎತ್ತಿದರೆ ಉಳಿದವರು ಅದನ್ನೇ ತಿರುಗಿಸಿ ಹಾಡಬೇಕು. ಅವರು ತಿರುಗಿಸದೆ ಎತ್ತುವವಳು ಮುಂದೆ ಹೋಗುವಂತಿಲ್ಲ. ಅಕ್ಕ ಕಾಯುತ್ತಿದ್ದರು. ಕಣ್ಣು ನನ್ನ ಮೇಲೆ ಬಂತು. ನನಗೆ ಆ ಪದ ಬರುತ್ತಿರಲಿಲ್ಲ. ಇಷ್ಟು ದೂರ ಬಂದು ಇಲ್ಲೇ ನಿಂತುಹೋಗುತ್ತದೆಯೇ ಎನಿಸಿತು. ಅವರು ಮುಳ್ಳನ್ನು ಮತ್ತೆ ಇಳಿಸಲು ನೋಡಿದರು, ಧೈರ್ಯ ಬರಲಿಲ್ಲ. ಇಳಿಸಿದರೆ ಬೇರೆ ಕಡೆ ಬೀಳುತ್ತದೆ, ಇಳಿಸದಿದ್ದರೆ ಅಕ್ಕನ ಕಣ್ಣು ಆರುತ್ತದೆ.

ಹೆಂಗಸರ ಪದವನ್ನು ಗಂಡಸರು ಬಾಯಲ್ಲಿ ಹಾಕಿಕೊಂಡರೆ ನಗುವ ಊರು ನಮ್ಮದು. ಆ ಮನುಷ್ಯ ದೇವರ ಮುಂದೆ ಕೂಡ ಗಟ್ಟಿಯಾಗಿ ಒಂದು ಪದ ಹೇಳಿದ್ದನ್ನು ಯಾರೂ ಕೇಳಿಲ್ಲ. ತೋಳನ್ನು ಎತ್ತಿ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಹಾಗೇ ನಡುಗುತ್ತಾ, ಹೆಂಡತಿಯ ಮುಖ ನೋಡುತ್ತಾ, ಶ್ರುತಿಯಿಲ್ಲದ ಒರಟು ದನಿಯಲ್ಲಿ, ಒಂದು ಅಕ್ಷರ ತಪ್ಪದೆ, ಹಸೆಗೆ ಬಾ ಎಂದು ಕರೆಯುವ ಆ ಸೊಲ್ಲನ್ನು ಅವರು ತಿರುಗಿಸಿ ಹಾಡಿದರು.

ಅಕ್ಕ ಮುಂದಿನ ಸೊಲ್ಲು ಎತ್ತಿದರು.